ಹೊಟ್ಟೆ ಟೊಳ್ಳಾದ ಬಿಲ್ಲು

ಮಕ್ಕಳೇ, ಈ ವಾರ ಓದಲು ಕೂರುವ ಮುಂಚೆ ಒಂದು ರಬ್ಬರು ತಂದುಕೊಳ್ಳಿ. ಪೆನ್ಸಿಲ್ ಗುರುತು ಅಳಿಸುತ್ತೀರಲ್ಲ, ಅದೇ ರಬ್ಬರು. ಉದ್ದನೆಯದಾದರೆ ಒಳ್ಳೆಯದು. ಅದರ ಪಕ್ಕದ ಮುಖದ ಮೇಲೆ ಪೆನ್ನಿನಿಂದ ಸಮ ಅಂತರದಲ್ಲಿ ಎಂಟು ಹತ್ತು ಅಡ್ಡಗೆರೆ ಎಳೆದು ಪಕ್ಕದಲ್ಲಿಟ್ಟುಕೊಳ್ಳಿ. ಸ್ವಲ್ಪ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ತಾತ, ಅಜ್ಜಿಯರು ಅಷ್ಟರಲ್ಲಿ ಕನ್ನಡಕ ಹುಡುಕಿಕೊಳ್ಳಲಿ.

ಈ ಸಲ ಬಿಲ್ಲಿನ ವಿಷಯ. ನಮ್ಮ ತುಮಕೂರು ಸೀಮೆಯಲ್ಲಿ ಬಿಲ್ಲಿನ ಮಾತು ಬಂದರೆ ಮೊದಲು ನೆನಪಾಗುವುದು ನಾಮದ ಚಿಲುಮೆ. ದೇವರಾಯನದುರ್ಗದ ಹತ್ತಿರದ ಕಾಡಿನಲ್ಲಿದೆ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಹುಡುಕಿ, ಸಿಗದೆ, ಬಂಡೆಗೆ ಬಾಣ ಬಿಟ್ಟನಂತೆ. ಅಲ್ಲಿ ಚಿಲುಮೆ ಎದ್ದಿತಂತೆ. ಇವತ್ತಿಗೂ ಆ ಬಂಡೆಯ ಗುಂಡಿಯಲ್ಲಿ ನೀರಿದೆ. ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳೆಲ್ಲ ಬಗ್ಗಿ ನೋಡಿರುತ್ತೀರಿ.

ಇನ್ನೊಂದು ಬಿಲ್ಲು ನಾಟಕದ್ದು. ಗುಬ್ಬಿ ತಾಲ್ಲೂಕು ಅಂದಮೇಲೆ ನಾಟಕ ಬಿಟ್ಟು ಮಾತಾಡುವ ಹಾಗಿಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಮುಂದೆ ವೀರಣ್ಣನವರು ‘ಕುರುಕ್ಷೇತ್ರ’ ಆಡಿಸಿದಾಗ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಈಗಲೂ ನಮ್ಮ ಸಿ.ಎಸ್. ಪುರದ ಸುತ್ತ ಕಣ ಮುಗಿದು ಕೈ ಬಿಡುವಾದರೆ ಯಾವುದಾದರೂ ಊರಿನಲ್ಲಿ ‘ಕುರುಕ್ಷೇತ್ರ’ ಇದ್ದೇ ಇರುತ್ತದೆ. ಡೇರಿ ಕಾರ್ಯದರ್ಶಿ ದುರ್ಯೋಧನ, ಗೊಬ್ಬರದ ಅಂಗಡಿಯವರು ಭೀಮ, ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟಷ್ಟು ಪದ್ಯ. ಬೆಳಗಿನ ಜಾವದವರೆಗೆ ಕೂತು ನೋಡುವುದು ನನಗೆ ಈ ವಯಸ್ಸಿನಲ್ಲೂ ಬೇಸರವಿಲ್ಲ.

ಹೋದ ವರ್ಷ ಅಂಥ ಒಂದು ನಾಟಕಕ್ಕೆ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಏಳನೇ ತರಗತಿ. ಮಾರನೆಯ ದಿನ ಅವನು ಕೇಳಿದ್ದು ಗೀತೋಪದೇಶದ ಬಗ್ಗೆ ಅಲ್ಲ. “ತಾತ, ಅರ್ಜುನ ಹೆದೆ ಎಳೆದಾಗ ಬಿಲ್ಲು ಬಾಗಲೇ ಇಲ್ಲವಲ್ಲ. ಬಾಗದೆ ಇದ್ದರೆ ಬಾಣ ಹೇಗೆ ಹೋಗುತ್ತೆ?”

ಸರಿಯಾದ ಪ್ರಶ್ನೆ. ಬಾಡಿಗೆ ಸೀನರಿಯವರು ಕೊಡುವ ಬಿಲ್ಲು ಮೊದಲೇ ಬಗ್ಗಿಸಿ, ಜರಿ ಕಾಗದ ಸುತ್ತಿ ಇಟ್ಟದ್ದು. ಅದು ಬಿಲ್ಲಿನ ಚಿತ್ರ, ಅಷ್ಟೆ. ಬಿಲ್ಲಿನ ಆಕಾರ ಇದ್ದೂ ಬಾಣಕ್ಕೆ ಸಂಬಂಧಪಡದ ಬೇರೆ ಬಿಲ್ಲುಗಳನ್ನೂ ನಾವು ಹಿರಿಯರು ನೋಡಿದ್ದೇವೆ. ಹಾಸಿಗೆ ಮಾಡಲು ಬೀದಿಗೆ ಬರುತ್ತಿದ್ದ ಹತ್ತಿ ಹಿಂಜುವವರ ಬಿಲ್ಲು ‘ಟೊಂಯ್ ಟೊಂಯ್’ ಎನ್ನುತ್ತಿತ್ತು. ಕಂಬಳಿ ನೇಯುವವರ ಮನೆಯಲ್ಲಿ ಉಣ್ಣೆ ಹಿಂಜುವ ಬಿಲ್ಲು. ಬಡಗಿಗಳು ಬೈರಿಗೆ ತಿರುಗಿಸಲು ಇಟ್ಟುಕೊಳ್ಳುತ್ತಿದ್ದ ಪುಟ್ಟ ಬಿಲ್ಲು. ಇವುಗಳಲ್ಲಿ ದುಡಿಯುವುದು ಹೆದೆ. ಮರ ಸುಮ್ಮನೆ ಹೆದೆಯನ್ನು ಹಿಡಿದುಕೊಂಡು ನಿಂತಿರುತ್ತದೆ. ಬಾಣ ಬಿಡುವ ಬಿಲ್ಲಿನಲ್ಲಿ ಹಾಗಲ್ಲ. ಅಲ್ಲಿ ಹೆದೆ ಬರೀ ಹಗ್ಗ, ದುಡಿಯುವುದು ಮರ. ನಮ್ಮ ತೋಳು ಹಾಕಿದ ಶಕ್ತಿಯನ್ನು ಮರ ಬಾಗಿ ಬಾಗಿ ಒಳಗೆ ಕೂಡಿಟ್ಟುಕೊಳ್ಳುತ್ತದೆ. ಬೆರಳು ಬಿಟ್ಟ ತಕ್ಷಣ ಅಷ್ಟನ್ನೂ ಬಾಣಕ್ಕೆ ಕೊಟ್ಟುಬಿಡುತ್ತದೆ.

ಈಗ ರಬ್ಬರು ತೆಗೆಯಿರಿ. ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ, ಗೆರೆಗಳನ್ನು ನೋಡಿ. ಹೊರಮೈಯಲ್ಲಿ ಗೆರೆಗಳು ಒಂದರಿಂದ ಒಂದು ದೂರವಾದವು, ಒಳಮೈಯಲ್ಲಿ ಹತ್ತಿರವಾದವು. ಅಂದರೆ ಹೊರಗಿನ ರಬ್ಬರು ಹಿಗ್ಗಿತು, ಒಳಗಿನದು ಕುಗ್ಗಿತು. ಮಧ್ಯದಲ್ಲಿ ಒಂದು ಪದರ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಹಾಜರಿ ಹಾಕಿ ಸುಮ್ಮನೆ ಕೂತಿದೆ! ಬಿಲ್ಲಿನ ಮರವೂ ಹೀಗೆಯೇ. ಗುರಿಯ ಕಡೆಗಿರುವ ಹೊರಮೈ ಅದರ ಬೆನ್ನು. ಬಿಲ್ಲು ಹಿಡಿದವನ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗಬೇಕು, ಹೊಟ್ಟೆ ಕುಗ್ಗಬೇಕು. ಬೆನ್ನು ತಾಳದಿದ್ದರೆ ಬಿಲ್ಲು ಫಟ್ಟನೆ ಮುರಿಯುತ್ತದೆ. ಹೊಟ್ಟೆ ತಾಳದಿದ್ದರೆ ಸದ್ದಿಲ್ಲದೆ ನೆರಿಗೆ ಬೀಳುತ್ತದೆ. ಈ ನೆರಿಗೆಯ ಮಾತು ನೆನಪಿನಲ್ಲಿರಲಿ.

ಮೊಮ್ಮಗನಿಗೆ ಬಾಗುವ ಬಿಲ್ಲೇ ಬೇಕಾಯಿತು. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದು ಬೇಡವಂತೆ. ಮರ ಯಾವುದು?

ಇದಕ್ಕೆಂದೇ ಹೆಸರಾದ ಮರ ನಮ್ಮ ಎಲೆ ಉದುರುವ ಕಾಡುಗಳಲ್ಲಿದೆ: ತಡಸಲು. ಸಂಸ್ಕೃತದಲ್ಲಿ ಧನ್ವನ, ಧನುರ್ವೃಕ್ಷ. ಬಿಲ್ಲಿನ ಮರ ಎಂದೇ ಅರ್ಥ. ಬಾಗಿದರೂ ಮುರಿಯದ ಗುಣದಿಂದ ಗಾಡಿಯ ಮೂಕಿಗೆ, ಆಯುಧದ ಕಾವಿಗೆ ಬಳಸುತ್ತಿದ್ದರು. ಆದರೆ ಕಾಡಿನ ಮರಕ್ಕೆ ನಾವು ಮಚ್ಚು ಹಾಕುವ ಹಾಗಿಲ್ಲ. ಬಿದಿರು ಇನ್ನೊಂದು. ಅದರ ನಾರು ಒಳಗಿಗಿಂತ ಸಿಪ್ಪೆಯ ಹತ್ತಿರ ಒತ್ತಾಗಿರುತ್ತದೆ, ಆದ್ದರಿಂದ ಸಿಪ್ಪೆಯನ್ನು ಬೆನ್ನಿಗೆ ಇಟ್ಟರೆ ಎಳೆತಕ್ಕೆ ಜಗ್ಗುವುದಿಲ್ಲ. ಜಪಾನಿನವರ ‘ಯೂಮಿ’ ಎಂಬ ಬಿಲ್ಲು ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿದ್ದು, ಎರಡು ಮೀಟರಿಗಿಂತ ಉದ್ದ. ಅದರ ಹಿಡಿ ನಡುವೆ ಇರುವುದಿಲ್ಲ, ಕೆಳಗಿನ ಮೂರನೇ ಒಂದು ಭಾಗದ ಹತ್ತಿರ ಇರುತ್ತದೆ. ಮೊಮ್ಮಗ ಬಿದಿರನ್ನೂ ಒಪ್ಪಲಿಲ್ಲ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಎಂಬ ಜೌಗು ನೆಲದಲ್ಲಿ 1944ರಲ್ಲಿ ಸಿಕ್ಕ ಸುಮಾರು 9,000 ವರ್ಷ ಹಳೆಯ ಬಿಲ್ಲು ಒಂದೇ ಮರದ್ದು, ಎಲ್ಮ್ ಮರದ್ದು ಎಂದು ಎಲ್ಲೋ ಓದಿಕೊಂಡು ಬಂದಿದ್ದ. ತನಗೂ ಒಂದೇ ಮರದ್ದು ಆಗಬೇಕು ಎಂದು ಹಟ.

ಅದೇ ಹೊತ್ತಿಗೆ ಪಕ್ಕದ ತೋಟದವರು ಅಡಿಕೆ ಸಸಿ ಇಡಲು ಹಳೆಯ ಹಿಪ್ಪುನೇರಳೆ ತೋಟ ಕೀಳಿಸುತ್ತಿದ್ದರು. ರೇಷ್ಮೆಹುಳುವಿಗೆ ಸೊಪ್ಪು ಬೇಕಾದಾಗ ಹಿಪ್ಪುನೇರಳೆಯನ್ನು ಕತ್ತರಿಸಿ ಕತ್ತರಿಸಿ ಗಿಡವಾಗಿಯೇ ಇಡುತ್ತಾರೆ. ಬದುವಿನ ಮೇಲಿನ ಒಂದನ್ನು ಮಾತ್ರ ಮರವಾಗಲು ಬಿಟ್ಟಿದ್ದರು. ತೋಳಿನ ಗಾತ್ರದ ಒಂದು ಕೊಂಬೆ, ಐದೂವರೆ ಅಡಿ ನೆಟ್ಟಗಿತ್ತು. ಕೇಳಿದೆ, “ಒಲೆಗೆ ಹೋಗೋದು ತಾನೆ, ತಗೊಂಡು ಹೋಗಿ ಸ್ವಾಮಿ” ಅಂದರು. ಅಮೆರಿಕದ ಮೂಲನಿವಾಸಿಗಳು ಬಿಲ್ಲಿಗೆ ಬಹಳ ಮೆಚ್ಚಿದ್ದ ಓಸೇಜ್ ಆರೆಂಜ್ ಮರವೂ ಹಿಪ್ಪುನೇರಳೆಯೂ ಒಂದೇ ಕುಟುಂಬದವು. ನಮ್ಮ ಹಲಸೂ ಅದೇ ಕುಟುಂಬ. ಹೆಸರು ಹೇಳಿದರೆ ಯಾರಾದರೂ ನಂಬುತ್ತಾರೆಯೇ?

ಕೊಂಬೆಯನ್ನು ನಮ್ಮೂರಿನ ಆಚಾರ್ರ ಹತ್ತಿರ ಹೊತ್ತುಕೊಂಡು ಹೋದೆವು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ನೇಗಿಲು, ನೊಗ ಮಾಡಿದ ಕೈ. ಟ್ರ್ಯಾಕ್ಟರು ಬಂದ ಮೇಲೆ ಆ ಕೆಲಸ ನಿಂತಿತು. ಮಗ ಪ್ಲೈವುಡ್ಡಿನ ಕಪಾಟು, ಅಡುಗೆಮನೆ ಮಾಡಿಕೊಡುತ್ತಾರೆ, ಒಳ್ಳೆಯ ದುಡಿಮೆ. ಅಪ್ಪನ ಬಾಚಿ, ಉಳಿಗಳು ಗೋಣಿಚೀಲದಲ್ಲಿದ್ದವು.

“ತೊಟ್ಟಿಲು ಮಾಡಿದೀನಿ, ತೇರಿನ ಗಾಲಿಗೆ ಕೈ ಹಾಕಿದೀನಿ. ಬಿಲ್ಲು ಮಾಡಿಲ್ಲ ಸ್ವಾಮಿ,” ಅಂದರು ಆಚಾರ್ರು. ಕೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ಮಂಜು, ಆದ್ದರಿಂದ ನೋಡುವುದಕ್ಕಿಂತ ಹೆಚ್ಚಾಗಿ ತಡವಿದರು. ಆಮೇಲೆ, “ಇರ್ಲಿ, ಮರ ಏನು ಹೇಳುತ್ತೋ ನೋಡಾಣ,” ಅಂದರು. ಗೋಣಿಚೀಲ ಬಿಚ್ಚಿದ ಸದ್ದಿಗೆ ಒಳಗಿನಿಂದ ಸೊಸೆ ಬಂದು ಇಣುಕಿ ನೋಡಿದರು.

ಕೊಂಬೆಯನ್ನು ಬೆಣೆ ಹೊಡೆದು ಉದ್ದಕ್ಕೆ ಎರಡು ಹೋಳು ಮಾಡಿದೆವು. ಗರಗಸದಲ್ಲಿ ಕೊಯ್ದರೆ ನಾರು ಅಡ್ಡಡ್ಡ ತುಂಡಾಗುತ್ತದೆ, ಸೀಳಿದರೆ ನಾರು ಹೋದ ದಾರಿಯಲ್ಲೇ ಬಿರಿಯುತ್ತದೆ. ತುದಿಗಳಿಗೆ ಮಿಕ್ಕಿದ್ದ ಗೇಟಿನ ಬಣ್ಣ ಬಳಿದೆವು. ಇಲ್ಲದಿದ್ದರೆ ತುದಿ ಬೇಗ ಒಣಗಿ, ನಡುವೆ ಹಸಿ ಉಳಿದು, ಮರ ಸೀಳುತ್ತದೆ. ಅಟ್ಟದ ಮೇಲೆ ನೆರಳಿನಲ್ಲಿಟ್ಟು, ಶನಿವಾರಕ್ಕೊಮ್ಮೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬರೆದಿಟ್ಟೆ. ಮರ ಒಣಗಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ: ತೂಕ ಇಳಿಯುವುದು ನಿಂತರೆ ಒಣಗಿದೆ. ಮೊದಲ ದಿನ ಒಂದು ಹೋಳು 2 ಕೆ.ಜಿ. 60 ಗ್ರಾಂ. ಯುಗಾದಿಯ ಹೊತ್ತಿಗೆ 1 ಕೆ.ಜಿ. 410 ಗ್ರಾಂ. ಆಮೇಲೆ ಮೂರು ಶನಿವಾರ ಒಂದು ಗ್ರಾಮೂ ಆಚೀಚೆ ಆಗಲಿಲ್ಲ. ಆರುನೂರೈವತ್ತು ಗ್ರಾಂ ಬರೀ ನೀರು! ದಿನಸಿ ಅಂಗಡಿಯವರಿಗೂ ಇದು ಅಭ್ಯಾಸವಾಗಿ, “ಇವತ್ತು ಎಷ್ಟು ಇಳೀತು?” ಎಂದು ಅವರೇ ಕೇಳುತ್ತಿದ್ದರು.

ಇನ್ನೊಂದು ಹೋಳು ಒಣಗುತ್ತಾ ಒಣಗುತ್ತಾ ಹಗ್ಗದಂತೆ ತಿರುಚಿಕೊಂಡುಬಿಟ್ಟಿತು. ಹಾಗಾಗಿ ಕೈಯಲ್ಲಿ ಉಳಿದದ್ದು ಒಂದೇ. ಬದುವಿನ ಮೇಲೆ ಆ ಹೊತ್ತಿಗೆ ಮರವೂ ಇರಲಿಲ್ಲ.

ಬೇಸಿಗೆ ರಜೆಯಲ್ಲಿ ಕೆಲಸ ಶುರುವಾಯಿತು. ತೊಗಟೆ ಸುಲಿದು, ಅದರ ಕೆಳಗಿನ ಮರವನ್ನು ಹಾಗೆಯೇ ಬಿಟ್ಟೆವು. ಅದೇ ಬೆನ್ನು. ಬೆನ್ನಿಗೆ ಉಳಿ ತಾಗಿಸಬಾರದು. ಮರ ವರ್ಷಕ್ಕೊಂದು ಪದರ ಹೊದ್ದುಕೊಂಡು ಬೆಳೆಯುತ್ತದೆ, ಆ ಕೊನೆಯ ಪದರ ತುದಿಯಿಂದ ತುದಿಗೆ ಅಖಂಡವಾಗಿರಬೇಕು. ಅಲ್ಲಿ ಒಂದು ಗೀರು ಬಿದ್ದರೂ ಬಿಲ್ಲು ಮೊದಲು ಸೀಳುವುದು ಆ ಗೀರಿನಲ್ಲಿ.

ಇಲ್ಲೊಂದು ತೊಡಕು. ದಪ್ಪ ದಿಮ್ಮಿಯಿಂದ ತೆಗೆದ ಹೋಳಿನ ಬೆನ್ನು ಹೆಚ್ಚುಕಡಿಮೆ ಚಪ್ಪಟೆ ಇರುತ್ತದೆ. ನಮ್ಮದು ತೋಳುಗಾತ್ರದ ಕೊಂಬೆ, ಬೆನ್ನು ಹೆಂಚಿನ ಹಾಗೆ ಉಬ್ಬಿದೆ. ಹೊಟ್ಟೆಯನ್ನು ಚಪ್ಪಟೆ ಕೆತ್ತಿದರೆ ಏನಾಗುತ್ತದೆ? ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಬೆನ್ನಿನ ಕಡೆ ಉಬ್ಬಿನ ನೆತ್ತಿಯಲ್ಲಿರುವ ಒಂದಿಷ್ಟು ನಾರು ಮಾತ್ರ ಮುಂದೆ ನಿಂತು ಎಳೆತ ತಾಳಬೇಕು. ಹೊಟ್ಟೆಯ ಕಡೆ ಅಗಲಕ್ಕೆ ಇಡೀ ತಂಡ ನಿಂತಿದೆ. ಈಚೆ ಮೂವರು, ಆಚೆ ಹತ್ತು ಜನ. ಮೂವರ ಕೈ ಕಿತ್ತು ಬರುತ್ತದೆ. ಹಾಗಾದರೆ ಆಚೆಯಿಂದ ಕೆಲವರನ್ನು ಮನೆಗೆ ಕಳಿಸಬೇಕು. ಅಂದರೆ ಹೊಟ್ಟೆಯ ನಡುವಿನ ಮರವನ್ನು ದೋಣಿಯಂತೆ ತೋಡಿ ತೆಗೆಯಬೇಕು. ಸಣ್ಣ ಗಾತ್ರದ ಕಾಂಡದಲ್ಲಿ ಬಿಲ್ಲು ಮಾಡುವ ಯುರೋಪಿನ ಕೆಲವರು ಹೀಗೆ ಮಾಡುತ್ತಾರೆ. ಎರಡೂ ಕಡೆ ಬಲ ಸರಿದೂಗುತ್ತದೆ, ಬಿಲ್ಲಿನ ತೋಳೂ ಹಗುರವಾಗುತ್ತದೆ. ತೋಳು ಹಗುರವಾದಷ್ಟೂ ಬಾಣ ಬಿಟ್ಟಾಗ ಬೇಗ ಹಿಂದಕ್ಕೆ ಜಿಗಿಯುತ್ತದೆ.

ಇದನ್ನು ನಾನು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದರೆ ಆಚಾರ್ರು ಎದ್ದುಹೋಗಿ ಹಿತ್ತಲಿನಿಂದ ಒಂದು ತೆಂಗಿನ ಗರಿಯ ಮಟ್ಟೆ ಎಳೆದು ತಂದರು. ಬುಡದ ಹತ್ತಿರ ಕಡಿದು, ಕಡಿದ ಮುಖ ತೋರಿಸಿ, “ಇದನ್ನ ತಾನೆ ಸ್ವಾಮಿ ನೀವು ಹೇಳ್ತಿರೋದು?” ಅಂದರು. ಕೆಳಗೆ ಉಬ್ಬು, ಮೇಲೆ ತಗ್ಗು. ಗಾಳಿಗೆ ಎಷ್ಟು ತೊನೆದರೂ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ನಾನು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡೆ.

ಬಿಲ್ಲಿನ ಉದ್ದ ಐದು ಅಡಿ. ನಡುವೆ ನಾಲ್ಕು ಅಂಗುಲ ಹಿಡಿ, ಅದು ಗಟ್ಟಿ ಮರವಾಗಿಯೇ ಇರಬೇಕು. ಹಿಡಿಯ ಎರಡೂ ಕಡೆ ತೋಳು ಒಂದೂವರೆ ಅಂಗುಲ ಅಗಲ. ಅರ್ಧ ದಾರಿಯಿಂದ ಕಿರಿದಾಗುತ್ತಾ ತುದಿಯಲ್ಲಿ ಅರ್ಧ ಅಂಗುಲ. ಬಾಚಿಯಲ್ಲಿ ಒರಟಾಗಿ ಇಳಿಸಿದ ಮೇಲೆ ಹೊಟ್ಟೆಯ ಮೇಲೆ ಎರಡು ಗೆರೆ ಎಳೆದೆವು. ಅಂಚಿನಿಂದ ಕಾಲಂಗುಲ ಬಿಟ್ಟು ಒಂದೊಂದು. ಗೆರೆಗಳ ನಡುವೆ ಮಾತ್ರ ತೋಡಬೇಕು. ನಾಲೆ ಇದ್ದ ಹಾಗೆ: ನಡುವೆ ತಗ್ಗು, ಆಚೆ ಈಚೆ ದಡ. ಹಿಡಿಯ ಹತ್ತಿರ ತಗ್ಗು ಕಾಲಂಗುಲ ಆಳ. ತುದಿಯ ಕಡೆ ಹೋಗುತ್ತಾ ಕಡಿಮೆಯಾಗಿ, ತುದಿ ಇನ್ನೊಂದು ಗೇಣು ಇರುವಾಗಲೇ ಮುಗಿಯಬೇಕು. ಹೆಚ್ಚು ಆಳ ತೋಡಿದರೆ ಎಳೆದಾಗ ಎರಡು ದಡಗಳು ಅಗಲಕ್ಕೆ ಬಿಚ್ಚಿಕೊಂಡು ಮರ ಉದ್ದಕ್ಕೆ ಸೀಳಬಹುದು. ದಡ ತೆಳ್ಳಗಾದರೂ ಕಷ್ಟ. ಕುಗ್ಗುವ ಕೆಲಸವೆಲ್ಲ ಈಗ ಆ ದಡಗಳ ಮೇಲೆಯೇ ಬಿದ್ದಿದೆ.

ಬಾಯಿ ಬಾಗಿದ ಉಳಿಯೊಂದು ಆಚಾರ್ರ ಚೀಲದಲ್ಲಿತ್ತು. ಅದರಲ್ಲಿ ಮೂರು ದಿನ ತೋಡಿದರು. ಸುರುಳಿ ಸುರುಳಿಯಾಗಿ ಚಿನ್ನದ ಬಣ್ಣದ ಸಿಪ್ಪೆ. ಅವರು ಪ್ರತಿ ನಾಲ್ಕು ಏಟಿಗೊಮ್ಮೆ ಹೆಬ್ಬೆರಳು ಒಳಗೆ, ತೋರುಬೆರಳು ಬೆನ್ನಿಗೆ ಇಟ್ಟು ಚಿವುಟಿ ದಪ್ಪ ನೋಡುತ್ತಿದ್ದರು. ನಾನು ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಎರವಲು ತಂದ ವರ್ನಿಯರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಡಕ್ಕೆ ಮೇಲಿನ ತೋಳು, ಬಲಕ್ಕೆ ಕೆಳಗಿನ ತೋಳು. ಎರಡು ಅಂಕಣ ತಾಳೆಯಾಗಬೇಕು. ಅವರ ಬೆರಳಿಗೂ ನನ್ನ ವರ್ನಿಯರಿಗೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಒಮ್ಮೆಯೂ ಬರಲಿಲ್ಲ.

ಇದುವರೆಗಿನದು ಬಡಗಿ ಕೆಲಸ. ಬಿಲ್ಲಿನ ನಿಜವಾದ ಕೆಲಸ ಈಗ ಶುರು. ಇಂಗ್ಲಿಷಿನವರು ಟಿಲ್ಲರಿಂಗ್ ಎನ್ನುತ್ತಾರೆ, ಆಚಾರ್ರು ‘ಹದಕ್ಕೆ ತರೋದು’ ಎಂದರು. ಎಳೆದಾಗ ಎರಡೂ ತೋಳು ಒಂದೇ ಸಮ ಬಾಗಬೇಕು, ಪ್ರತಿ ತೋಳಿನಲ್ಲೂ ಬಾಗು ಒಂದೇ ಕಡೆ ಗಂಟುಕಟ್ಟದೆ ಉದ್ದಕ್ಕೂ ಹರಡಬೇಕು. ಅದಕ್ಕೆ ಮಾಡುವುದೇನು? ಎಲ್ಲಿ ಬಾಗುವುದಿಲ್ಲವೋ ಅಲ್ಲಿ ಕೆರೆಯುವುದು. ಎಲ್ಲಿ ಹೆಚ್ಚು ಬಾಗುತ್ತದೆಯೋ ಅಲ್ಲಿ ಮುಟ್ಟದಿರುವುದು. ಇಷ್ಟೇ ವಿದ್ಯೆ. ಆದರೆ ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಬ್ಯಾಂಕಿನಲ್ಲಿ ತಪ್ಪು ನಮೂದಿಗೆ ತಿರುಗು ನಮೂದು ಹಾಕಬಹುದಿತ್ತು, ಮರದಲ್ಲಿ ಆ ಸೌಲಭ್ಯವಿಲ್ಲ.

ಆಚಾರ್ರ ಮನೆಯ ಹಿತ್ತಲಿನ ಗೋಡೆಗೆ ಒಂದು ಗಟ್ಟಿ ಗೂಟ ಹೊಡೆದು, ಬಿಲ್ಲಿನ ಹಿಡಿ ಅದರ ಮೇಲೆ ಕೂರುವಂತೆ ಮಾಡಿದೆವು. ಕೆಳಗೆ ನೆಲದ ಹತ್ತಿರ ಹಳೆಯ ಬಾವಿಯ ರಾಟೆ. ಬಿಲ್ಲಿಗೆ ಸಡಿಲವಾಗಿ ಹಗ್ಗ ಕಟ್ಟಿ, ಅದರ ನಡುವಿಗೆ ಇನ್ನೊಂದು ಹಗ್ಗ, ನಡುವೆ ಒಂದು ಸ್ಪ್ರಿಂಗ್ ತಕ್ಕಡಿ, ಹಗ್ಗದ ಕೊನೆ ರಾಟೆಯಡಿ ಹಾದು ಮೊಮ್ಮಗನ ಕೈಗೆ. ಅವನು ಹತ್ತಡಿ ದೂರ ನಿಂತು ಎಳೆಯುವುದು, ನಾವಿಬ್ಬರು ಮುದುಕರು ಕುರ್ಚಿ ಹಾಕಿಕೊಂಡು ನೋಡುವುದು. ಗೋಡೆಯ ಮೇಲೆ ಇದ್ದಿಲಿನಿಂದ ಅಂಗುಲಕ್ಕೊಂದು ಗೆರೆ. ಬಿಲ್ಲು ಮುರಿದರೆ ಚೂರು ಮುಖಕ್ಕೆ ಸಿಡಿಯದಿರಲಿ ಎಂದೇ ಈ ದೂರ.

ಒಂದು ನಿಯಮ ಮೊದಲೇ ಮಾಡಿಕೊಂಡಿದ್ದೆವು. ಬಿಲ್ಲು ಕೊನೆಗೆ ಎಷ್ಟು ಕೆ.ಜಿ. ಎಳೆತದ್ದಾಗಬೇಕೋ ಅದಕ್ಕಿಂತ ಒಂದು ಗುಂಜಿ ಹೆಚ್ಚು ಯಾವತ್ತೂ ಎಳೆಯಬಾರದು. ಮೊಮ್ಮಗ ಒಂಬತ್ತು ಕೆ.ಜಿ. ಎಂದಿದ್ದ. ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. ಬಿದಿರು, ಮರದ ಬಿಲ್ಲಿನವರಿಗೆ ಮಾತ್ರ. ಗುರಿ 30 ಮತ್ತು 50 ಮೀಟರ್ ದೂರ. ಅವನಿಗೆ ಆ 30 ಮೀಟರಿನ ಆಸೆ. ದೀಪಿಕಾ ಕುಮಾರಿ ಶುರು ಮಾಡಿದ್ದೂ ಬಿದಿರಿನ ಬಿಲ್ಲಿನಲ್ಲೇ ಎಂದು ನನಗೆ ಪಾಠ ಹೇಳಿದ.

ಮೊದಲ ದಿನ ತಕ್ಕಡಿ ಒಂಬತ್ತು ತೋರಿಸಿದಾಗ ಬಿಲ್ಲು ಬಾಗಿದ್ದು ನಾಲ್ಕೇ ಅಂಗುಲ. ಅಲ್ಲೇ ನಿಲ್ಲಿಸಿ, ನೋಡಿ, ಗಟ್ಟಿ ಇದ್ದಲ್ಲಿ ಸೀಸೆಯ ಗಾಜಿನ ಚೂರಿನಿಂದ ಹದಿನೈದು ಇಪ್ಪತ್ತು ಸಲ ಕೆರೆದು, ಮತ್ತೆ ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟು, ಮತ್ತೆ ನೋಡಿದೆವು. ಕೆರೆದ ಕೂಡಲೇ ಮರಕ್ಕೆ ತಾನು ತೆಳ್ಳಗಾದದ್ದು ಗೊತ್ತಾಗುವುದಿಲ್ಲ, ನಾಲ್ಕು ಸಲ ಬಾಗಿದ ಮೇಲೆ ಗೊತ್ತಾಗುತ್ತದೆ. ದಿನಕ್ಕೆ ಒಂದಂಗುಲ, ಒಂದೊಂದು ದಿನ ಅರ್ಧ. ಮೂರನೇ ದಿನ ವಿಚಿತ್ರ ಕಂಡಿತು. ನನ್ನ ಪುಸ್ತಕದಲ್ಲಿ ಎಡಬಲ ಅಂಕಿಗಳು ತಾಳೆಯಾಗಿವೆ, ಗೋಡೆಯ ಮೇಲೆ ಮಾತ್ರ ಕೆಳಗಿನ ತೋಳು ಒಂದಂಗುಲ ಹೆಚ್ಚು ಬಾಗಿದೆ. ಒಂದೇ ಕೊಂಬೆಯಾದರೂ ಬುಡದ ಕಡೆಯ ಮರ, ತುದಿಯ ಕಡೆಯ ಮರ ಒಂದೇ ಅಲ್ಲ. ಮೇಲಿನ ತೋಳಿನಲ್ಲಿ ಒಂದು ಗಂಟು ಬೇರೆ ಇತ್ತು. “ಗಂಟಿನ ಹತ್ತಿರ ಒಂದು ಕೂದಲು ದಪ್ಪ ಇರ್ಲಿ. ಅದಕ್ಕೆ ದಪ್ಪ ಬೇಕು,” ಅಂದರು ಆಚಾರ್ರು. ಅಂದಿನಿಂದ ವರ್ನಿಯರು ವಾಪಸು ರಿವೈಂಡಿಂಗ್ ಅಂಗಡಿಗೆ ಹೋಯಿತು.

ಹದಿನೆಂಟು ಅಂಗುಲ ತಲುಪಿದ ದಿನ ಮೊಮ್ಮಗನ ಸ್ನೇಹಿತರೂ ನೋಡಲು ಬಂದಿದ್ದರು. ತಕ್ಕಡಿ ಒಂಬತ್ತಕ್ಕೆ ಬಂತು. ಬಿಲ್ಲು ನೋಡಲು ಚೆನ್ನಾಗಿತ್ತು. ನನಗೇನೂ ಕಾಣಲಿಲ್ಲ, ಹುಡುಗರಿಗೂ ಕಾಣಲಿಲ್ಲ. ಆಚಾರ್ರು ಬಿಲ್ಲು ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೆಳಗಿನ ತೋಳಿನ ದಡದ ಮೇಲೆ ಉಗುರು ಎಳೆದರು. ಹಿಡಿಯಿಂದ ಒಂದು ಗೇಣಿನಾಚೆ ಉಗುರು ನಿಂತಿತು. ಮತ್ತೆ ಎಳೆದರು, ಮತ್ತೆ ಅಲ್ಲೇ ನಿಂತಿತು. ಬೂದುಗನ್ನಡಿ ತರಿಸಿ ನೋಡಿದರೆ ಕೂದಲೆಳೆಯಂಥ ಮೂರು ಅಡ್ಡ ನೆರಿಗೆ. ಅಲ್ಲಿ ನಾರು ಸ್ವಲ್ಪ ತಗ್ಗಿ ಹೋಗಿ ದಡ ತೆಳುವಾಗಿತ್ತು.

ಮುಂದೇನು? ಆ ಜಾಗ ಇನ್ನು ಹೆಚ್ಚು ಬಾಗದಂತೆ ಮಾಡಬೇಕು. ಅಲ್ಲಿಗೆ ಮರ ಸೇರಿಸಲಾಗದು, ಆದ್ದರಿಂದ ಅದರ ಅಕ್ಕಪಕ್ಕದ್ದನ್ನೆಲ್ಲ ಕೆರೆದು, ಬಾಗುವ ಕೆಲಸವನ್ನು ಅವುಗಳಿಗೆ ಹಂಚಬೇಕು. ಕೆಳಗಿನ ತೋಳು ಮೆತ್ತಗಾದರೆ ಮೇಲಿನದನ್ನೂ ಅಷ್ಟೇ ಇಳಿಸಬೇಕು. ಕೊನೆಗೆ ಬಿಲ್ಲು ಒಂಬತ್ತು ಕೆ.ಜಿ. ಉಳಿಯುವುದಿಲ್ಲ. ಇಲ್ಲವೇ ಹೀಗೆಯೇ ಮುಂದುವರಿಸಬಹುದು. ಒಂದು ವಾರ ಬಾಳಬಹುದು, ಒಂದು ವರ್ಷವೂ ಬಾಳಬಹುದು, ಮಾರನೆಯ ದಿನವೇ ಕೈಯಲ್ಲಿ ಮುರಿಯಬಹುದು.

ಆಚಾರ್ರು ಹುಡುಗನನ್ನು ಹತ್ತಿರ ಕರೆದು ಅವನ ಉಗುರನ್ನು ಆ ಜಾಗದ ಮೇಲೆ ಎಳೆಸಿದರು. “ಸಿಕ್ತಾ?” ಅಂದರು. “ಸಿಕ್ತು ತಾತ.” “ಬಿಲ್ಲು ನಿಂದು ಮಗ. ಏನು ಮಾಡಾಣ ಹೇಳು.”

ಹುಡುಗನ ಮುಖ ಇಷ್ಟೇ ಆಯಿತು. ಸ್ನೇಹಿತರ ಮುಂದೆ ಒಂಬತ್ತು ಕೆ.ಜಿ. ಎಂದು ಹೇಳಿಯಾಗಿತ್ತು. ನಾನು ಬಾಯಿ ಹಾಕಲಿಲ್ಲ, ಹಾಕಬೇಡಿ ಎಂದು ಆಚಾರ್ರು ಕಣ್ಣಿನಲ್ಲೇ ಹೇಳಿದ್ದರು. ಅವನು ಎದ್ದು ಹೋಗಿ ಹಿತ್ತಲಿನ ತೊಟ್ಟಿಯ ಹತ್ತಿರ ಸ್ವಲ್ಪ ಹೊತ್ತು ಬೆನ್ನು ತಿರುಗಿಸಿ ನಿಂತ. ಆಮೇಲೆ ಬಂದು ಗಾಜಿನ ಚೂರು ತೆಗೆದುಕೊಂಡು, “ಎಲ್ಲಿಂದ ಕೆರೆಯೋದು?” ಎಂದು ಕೇಳಿದ.

ಆ ದಿನದಿಂದ ಕೆರೆದವನು ಅವನೇ. ಆಚಾರ್ರು ಕೈ ಹಿಡಿದು ತೋರಿಸಿದರು: ಗಾಜನ್ನು ನೆಟ್ಟಗೆ ಹಿಡಿ, ಒತ್ತಬೇಡ, ಉದ್ದಕ್ಕೆ ಎಳಿ, ಸದ್ದು ಕೇಳು. ಮರ ಸಮವಾಗಿದ್ದರೆ ‘ಸರ್’ ಎಂದು ಒಂದೇ ಸದ್ದು. ಉಬ್ಬುತಗ್ಗಿದ್ದರೆ ‘ಟರ್ರ್’ ಎಂದು ನಡುಗುತ್ತದೆ. ಹನ್ನೊಂದು ದಿನ ಹಿಡಿಯಿತು. ಆ ಮೂರು ನೆರಿಗೆ ನಾಲ್ಕಾಗಲಿಲ್ಲ. ಇಪ್ಪತ್ತೆರಡು ಅಂಗುಲಕ್ಕೆ ಎಳೆದಾಗ ತಕ್ಕಡಿ ಏಳು ಕೆ.ಜಿ. ತೋರಿಸಿತು. ಕೆಳಗಿನ ತೋಳು ಕೂದಲಷ್ಟು ಗಡಸಾಗಿಯೇ ಉಳಿಯಿತು. ಅದು ಬೇಕೆಂದೇ ಮಾಡಿದ್ದು, ಹಿಡಿದ ಕೈಯ ಒತ್ತಡ ಹೆಚ್ಚಾಗಿ ಬೀಳುವುದು ಆ ಕಡೆಗೆ.

ಉಪ್ಪುಕಾಗದ ತಿಕ್ಕಿ, ಅಗಸೆ ಎಣ್ಣೆ ಬಳಿದು ನಾಲ್ಕು ದಿನ ಬಿಟ್ಟೆವು. ತುದಿಗಳಲ್ಲಿ ಹೆದೆ ಕೂರಲು ಕಚ್ಚು. ಹೆದೆಗೆ ಗಟ್ಟಿ ಪಾಲಿಯೆಸ್ಟರ್ ದಾರದ ಎಳೆಗಳನ್ನು ಹೊಸೆದು ಜೇನುಮೇಣ ಸವರಿದೆವು. ತೆಂಗಿನ ನಾರಿನ ಹುರಿ ಬೇಡ, ಎಳೆದಂತೆ ಹಿಗ್ಗುತ್ತದೆ. ಹೆದೆ ಏರಿಸಿದಾಗ ಬಿಲ್ಲಿಗೂ ಹೆದೆಗೂ ನಡುವೆ ಎಷ್ಟು ಜಾಗವಿರಬೇಕು? ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿ ಹಿಡಿಯನ್ನು ಹಿಡಿದರೆ ಹೆಬ್ಬೆರಳ ತುದಿ ಹೆದೆಗೆ ತಾಗಬೇಕು, ಅಷ್ಟು. ಬಾಣಕ್ಕೆ ಬಿದಿರಿನ ಕಡ್ಡಿ, ಹಿಂದೆ ಹುಂಜದ ರೆಕ್ಕೆಯ ಪುಕ್ಕ ಮೂರು, ಮುಂದೆ ಚೂಪಿನ ಬದಲು ರಬ್ಬರು ಬಿರಡೆ.

ಇದನ್ನು ಓದಿ ಬಿಲ್ಲಿಗೆ ಕೈ ಹಾಕುವ ಮಕ್ಕಳಿಗೆ ನಮ್ಮ ಮನೆಯ ಕಟ್ಟಳೆ ಹೇಳಿಬಿಡುತ್ತೇನೆ. ದೊಡ್ಡವರು ಪಕ್ಕದಲ್ಲಿ ಇಲ್ಲದಿದ್ದರೆ ಬಿಲ್ಲು ಗೋಡೆಯಿಂದ ಇಳಿಯುವುದಿಲ್ಲ. ಬಾಣ ಇರಲಿ ಇಲ್ಲದಿರಲಿ, ಮನುಷ್ಯರ ಕಡೆ, ದನಕರುಗಳ ಕಡೆ, ಆಕಾಶದ ಕಡೆ ಬಿಲ್ಲು ತಿರುಗುವುದಿಲ್ಲ. ಬಾಣ ಹೂಡದೆ ಬರೀ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಮರಕ್ಕೇ ತಿರುಗಿ ಹೊಡೆದು ಬಿಲ್ಲು ಒಡೆಯುತ್ತದೆ. ಆಟ ಮುಗಿದ ಮೇಲೆ ಹೆದೆ ಇಳಿಸಿಯೇ ಇಡಬೇಕು.

ಮೊದಲ ಬಾಣ ಬಿಟ್ಟದ್ದು ರಾಗಿಹುಲ್ಲಿನ ಮೆದೆಗೆ, ಹನ್ನೆರಡು ಹೆಜ್ಜೆ ದೂರದಿಂದ. ಬಿಲ್ಲು ಬಾಗಿತು. ಬಾಣ ಹುಲ್ಲಿಗೆ ಬಡಿದ ಸದ್ದು ಆಚಾರ್ರಿಗೆ ಕೇಳಿತು, ಎಲ್ಲಿ ಬಡಿಯಿತೆಂದು ಕಾಣಲಿಲ್ಲ. ಹುಡುಗ ಅವರ ಕೈ ಹಿಡಿದುಕೊಂಡು ಹೋಗಿ ಆ ಜಾಗ ಮುಟ್ಟಿಸಿದ. ಆಮೇಲೆ ಎಷ್ಟು ಸಲ ಬಿಟ್ಟನೋ, ನಾನು ಇನ್ನೂರರವರೆಗೆ ಬರೆದುಕೊಂಡು ಬಿಟ್ಟುಬಿಟ್ಟೆ. ಮೂವತ್ತು ಮೀಟರಿಗೆ ಬಾಣ ಹೋಗುತ್ತದೆ. ಗುರಿಗಿಂತ ಒಂದು ಮೊಳ ಮೇಲಕ್ಕೆ ಹಿಡಿಯಬೇಕು, ಅಷ್ಟೆ.

ಲೆಕ್ಕ ಮುಗಿಸಬೇಕಲ್ಲ: ಒಣಗಿದ ಮರ 1 ಕೆ.ಜಿ. 410 ಗ್ರಾಂ, ಬಿಲ್ಲು 372 ಗ್ರಾಂ. ಉಳಿದ 1 ಕೆ.ಜಿ. 38 ಗ್ರಾಂ ಸಿಪ್ಪೆ, ಪುಡಿ ಆಚಾರ್ರ ಮನೆಯ ಹಂಡೆ ಒಲೆಗೆ ಹೋಯಿತು.

ತಿರುಚಿಕೊಂಡ ಆ ಇನ್ನೊಂದು ಹೋಳನ್ನು ಆಚಾರ್ರು ಎಸೆಯಲು ಬಿಟ್ಟಿಲ್ಲ. ಆವಿಯಲ್ಲಿ ಚೆನ್ನಾಗಿ ಬೇಯಿಸಿದರೆ ಮರ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಆಗ ತಿರುಚು ಬಿಡಿಸಿ ಬಿಗಿದು ಕಟ್ಟಿ ಆರಲು ಬಿಟ್ಟರೆ ನೆಟ್ಟಗಾಗುತ್ತದೆ. ಗಾಡಿಯ ಕೆಲಸದಲ್ಲಿ ಅವರು ಮಾಡಿದ್ದೇ. ಈ ಸಲ ದಡ ಅರ್ಧ ಕಾಲಂಗುಲ ಹೆಚ್ಚು ಬಿಡೋಣ, ಒಂಬತ್ತು ಕೆ.ಜಿ. ಬಂದರೂ ಬರಬಹುದು ಎಂದು ಹುಡುಗನ ಕಿವಿಯಲ್ಲಿ ಹೇಳಿದ್ದಾರೆ. ಐದೂವರೆ ಅಡಿ ಮರ ನಮ್ಮ ಮನೆಯ ಇಡ್ಲಿ ಪಾತ್ರೆಯಲ್ಲಿ ಹಿಡಿಸುವುದಿಲ್ಲ. ಸದ್ಯಕ್ಕೆ ಇಬ್ಬರೂ ಸೇರಿ ಅಷ್ಟುದ್ದದ ಹಳೆಯ ಬೋರ್‌ವೆಲ್ ಪೈಪು ಹುಡುಕುತ್ತಿದ್ದಾರೆ.